ಎದ್ದು ನಿಂತ ಮೇಲಿನ ಮಾತು

"ಗುರುಗಳೇ, ಜನ ಒಬ್ಬರಿಗೊಬ್ಬರು ಆಡುವ ಮಾತನ್ನು ಇದ್ದದ್ದು ಇದ್ದ ಹಾಗೆ ಬರೆದುಕೊಳ್ಳಬೇಕಾದರೆ, ನೋಡುವವಳು ಎಲ್ಲಿ ನಿಂತು ನೋಡಬೇಕು?"

ಹೀಗೆ ಕೇಳಿದವಳು ಮಾರನೆಯ ದಿನ ದೂರದ ಒಂದು ಊರಿಗೆ ಹೊರಟಿದ್ದ ಶಿಷ್ಯೆ. ಅಲ್ಲಿ ಕೆಲವು ಕಾಲ ಇದ್ದು, ಅಲ್ಲಿಯ ಜನರ ನಡೆನುಡಿಯನ್ನು ನೋಡಿ ಬರೆದು ತರುವುದು ಅವಳ ಕೆಲಸ. ಸಂಭ್ರಮಕ್ಕೆ ಅವಳಿಗೆ ಊಟವೇ ಸೇರುತ್ತಿರಲಿಲ್ಲ. ಹತ್ತಿರ ನಿಂತರೆ ಜನ ಮಾತು ಬದಲಿಸುತ್ತಾರೆ, ದೂರ ನಿಂತರೆ ಮಾತು ಕೇಳಿಸುವುದಿಲ್ಲ. ಇವೆರಡರ ನಡುವಿನ ಜಾಗ ಯಾವುದು ಎಂದು ಗುರುಗಳು ಹೇಳಿಬಿಟ್ಟರೆ ಸಾಕು, ಉಳಿದದ್ದನ್ನು ತಾನು ನೋಡಿಕೊಳ್ಳುತ್ತೇನೆ ಎಂಬ ಧೈರ್ಯ ಅವಳಿಗಿತ್ತು.

ಗುರುಗಳು ಜಾಗ ಹೇಳಲಿಲ್ಲ. ಕತೆ ಹೇಳಿದರು.

ಒಬ್ಬ ಪಂಡಿತನಿದ್ದ. ಅವನಿಗೆ ಇದ್ದದ್ದು ಒಂದೇ ಹುಚ್ಚು, ಜನ ಮಾತಾಡುವುದನ್ನು ನೋಡುವುದು. ಸಂತೆಯಲ್ಲಿ ಇಬ್ಬರು ಸೊಪ್ಪಿಗೆ ಚೌಕಾಸಿ ಮಾಡುತ್ತಿದ್ದರೆ ತಾನು ಕೊಳ್ಳಬೇಕಾದ ಸೊಪ್ಪು ಮರೆತು ನಿಂತುಬಿಡುತ್ತಿದ್ದ. ಬರಿಗೈಯಲ್ಲಿ ಮನೆಗೆ ಬಂದಾಗ ಹೆಂಡತಿ ಬಯ್ದರೆ, ಆಹಾ, ಇದನ್ನು ಇನ್ನೊಂದು ಸಲ ಹೇಳು ಎನ್ನುತ್ತಿದ್ದ. ಅವಳು ಇನ್ನೊಂದು ಸಲ ಹೇಳುತ್ತಿರಲಿಲ್ಲ, ಚೊಂಬು ಎಸೆಯುತ್ತಿದ್ದಳು. ಅವನು ಅದನ್ನೂ ಬರೆದುಕೊಳ್ಳುತ್ತಿದ್ದ.

ಒಂದು ದಿನ ಕಂಬಳಿ ವ್ಯಾಪಾರಿಯೊಬ್ಬ ಅವನಿಗೆ ಒಂದು ವಿಚಿತ್ರ ಹೇಳಿದ. ಬಯಲುಸೀಮೆಯಲ್ಲಿ ಕಂಬಳಿ ನೇಯುವವರ ಊರೊಂದಿದೆ. ಅಲ್ಲಿ ಯಾರೂ ಯಾರನ್ನೂ ಏನನ್ನೂ ಕೇಳುವುದಿಲ್ಲ. ಮಗ್ಗ ಬೇಕೆಂದು ಕೇಳುವುದಿಲ್ಲ, ಹೆಣ್ಣು ಕೇಳುವುದಿಲ್ಲ, ತಪ್ಪಾಯಿತು ಎಂದು ಕ್ಷಮೆಯನ್ನೂ ಕೇಳುವುದಿಲ್ಲ. ಆದರೆ ಮಗ್ಗ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಿರುತ್ತದೆ, ಮದುವೆ ನಿಶ್ಚಯವಾಗಿರುತ್ತದೆ, ನಿನ್ನೆ ಮುಖ ತಿರುಗಿಸಿಕೊಂಡಿದ್ದವರು ಇವತ್ತು ಒಂದೇ ಕಟ್ಟೆಯ ಮೇಲೆ ಕೂತಿರುತ್ತಾರೆ. ಹೇಗೆ ಎಂದು ತನಗಂತೂ ಇಷ್ಟು ವರ್ಷವಾದರೂ ತಿಳಿಯಲಿಲ್ಲ ಎಂದ ವ್ಯಾಪಾರಿ.

ಪಂಡಿತ ಅಂದೇ ಗಂಟು ಕಟ್ಟಿದ.

ಊರಿನವರು ಒಳ್ಳೆಯವರು. ಬೀದಿಯ ಕೊನೆಯಲ್ಲಿ ಅವನಿಗೊಂದು ಮನೆ ಕೊಟ್ಟರು. ಯಾರ ಮನೆಗೆ ಹೋದರೂ ಬನ್ನಿ ಎಂದು ಪಡಸಾಲೆಯಲ್ಲಿ ಕೂರಿಸಿದರು. ಮಾತು ಬರೆದುಕೊಳ್ಳುತ್ತೇನೆ ಎಂದರೆ, ಬರೆದುಕೊಳ್ಳಿ ಸ್ವಾಮಿ, ನಮ್ಮ ಮಾತಿಗೂ ಒಂದು ಓಲೆ ಅಂತ ಆಯಿತಲ್ಲ ಎಂದು ನಕ್ಕರು.

ಅವನು ಕೂತ, ನೋಡಿದ. ಒಂದು ಮನೆಗೆ ಒಬ್ಬ ಬರುತ್ತಿದ್ದ, ಕೂರುತ್ತಿದ್ದ, ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಕುರಿಯ ಮಾತು, ಗಾಳಿಯ ಮಾತು, ಮಂಡಿನೋವಿನ ಮಾತು. ಹುಣಸೆಬೀಜದ ಗಂಜಿ ಈ ಸಲ ಕಂಬಳಿಗೆ ಸರಿಯಾಗಿ ಹಿಡಿಯುತ್ತಿಲ್ಲ ಎಂಬ ಮಾತು. ಆಮೇಲೆ ಬಂದವನು ಏಳುತ್ತಿದ್ದ. ಮನೆಯವನು ಅವನನ್ನು ಕಳಿಸಿ ಬರಲು ಬಾಗಿಲಿಗೆ ಹೋಗುತ್ತಿದ್ದ. ಪಂಡಿತ ಒಳಗೇ ಕೂತು, ಮರೆಯುವ ಮೊದಲು, ಆಗತಾನೇ ಕೇಳಿದ್ದನ್ನೆಲ್ಲ ಓಲೆಗೆ ಇಳಿಸುತ್ತಿದ್ದ.

ಮಾರನೆಯ ದಿನ ನೋಡಿದರೆ ಆ ಮನೆಯ ಹೋರಿ ಈ ಮನೆಯ ಗೂಟದಲ್ಲಿರುತ್ತಿತ್ತು.

ಪಂಡಿತ ತಲೆ ಕೆಡಿಸಿಕೊಂಡ. ತಲೆ ಕೆಟ್ಟಷ್ಟೂ ಅವನಿಗೆ ಖುಷಿ. ತಾನು ಅಲ್ಲೇ ಇದ್ದೆ, ಹೋರಿಯ ಸೊಲ್ಲೇ ಬರಲಿಲ್ಲ. ಹಾಗಾದರೆ ಕಣ್ಸನ್ನೆ ಇರಬೇಕು ಎಂದು ಕಣ್ಣು ನೋಡಿದ. ಕಣ್ಣಲ್ಲಿ ಏನೂ ಇರಲಿಲ್ಲ. ಎಲೆಗೆ ಸುಣ್ಣ ಹಚ್ಚುವ ರೀತಿಯಲ್ಲಿ ಗುಟ್ಟಿದೆ ಎಂದುಕೊಂಡ. ಯಾರು ಎಷ್ಟು ಸುಣ್ಣ ಹಚ್ಚಿದರು, ತೊಟ್ಟು ಯಾವ ಕಡೆ ಮುರಿದರು, ಅಡಿಕೆ ಮೊದಲೋ ಎಲೆ ಮೊದಲೋ ಎಲ್ಲ ಬರೆದ. ಊರಿನ ಮುದುಕನೊಬ್ಬ ಅವನ ಬೆನ್ನ ಹಿಂದೆ ನಿಂತು, "ಅಯ್ಯನೋರೇ, ನಾನು ಸುಣ್ಣ ಜಾಸ್ತಿ ಹಚ್ಚೋದು ಬಾಯಿ ಸುಡಲಿ ಅಂತ ಅಲ್ಲ, ಕಣ್ಣು ಕಾಣಲ್ಲ ಅಂತ" ಎಂದ. ಪಂಡಿತ ಆ ಓಲೆಯನ್ನು ಎಸೆದ. ಮರುದಿನ ಇನ್ನೊಂದು ಊಹೆಯೊಡನೆ ಎದ್ದ.

ಹೀಗಿರುವಾಗ ಒಂದು ಮನೆಯಲ್ಲಿ, ಬಂದವನು ಏಳುವ ಹೊತ್ತಿಗೆ ಸರಿಯಾಗಿ, ಪಂಡಿತನ ಲೇಖನಿಯ ಮೊನೆ ಮುರಿಯಿತು. ಬರೆಯುವಂತಿಲ್ಲ. ಒಬ್ಬನೇ ಕೂತು ಮಾಡುವುದೇನು ಎಂದು ಅವನೂ ಎದ್ದು ಅವರ ಹಿಂದೆ ಬಾಗಿಲಿನವರೆಗೆ ನಡೆದ.

ಬಂದವನು ಹೊಸ್ತಿಲು ದಾಟಿ ಒಂದು ಕಾಲಿಗೆ ಮೆಟ್ಟು ಹಾಕಿದ್ದ. ಇನ್ನೊಂದು ಮೆಟ್ಟನ್ನು ಕಾಲಿನಿಂದ ಹುಡುಕುತ್ತಿದ್ದ. ಅದು ಕಣ್ಣೆದುರಿಗೇ ಇತ್ತು. ಹುಡುಕುತ್ತ ಅವನೆಂದ:

"ನಿಮ್ಮ ಹಳೇ ಮಗ್ಗ ಬಿಚ್ಚಿಟ್ಟು ವರ್ಷ ಆಯ್ತೇನೋ. ಗೆದ್ದಲು ಹತ್ತೀತು."

ಮನೆಯವನು ಹೇಳಿದ: "ಅಟ್ಟದಲ್ಲಿ ಜಾಗ ಇಲ್ಲ ಮಾರಾಯ. ಯಾರಾದರೂ ಒಯ್ದು ಹಾಕ್ಕೊಂಡರೆ ನಮಗೇ ಉಪಕಾರ."

ಇನ್ನೊಂದು ಮೆಟ್ಟು ಕೂಡಲೇ ಸಿಕ್ಕಿತು. ಬಂದವನು ಹೊರಟ.

ಪಂಡಿತ ಅಲ್ಲಿ ನಿಲ್ಲಲಿಲ್ಲ. ತನ್ನ ಮನೆಗೆ ಓಡಿದ. ನಿಜವಾಗಿಯೂ ಓಡಿದ, ಪಂಚೆ ಎತ್ತಿಕಟ್ಟಿಕೊಂಡು. ನಾಯಿಗಳು ಬೆನ್ನಟ್ಟಿದವು. ಬೆಳಗಿನಿಂದ ಕುರಿ, ಗಾಳಿ, ಮಂಡಿನೋವು ಎಂದು ಕೂತದ್ದೆಲ್ಲ ಈ ಒಂದು ಕಾಲಿನ ಮಾತಿಗಾಗಿ! ಇಷ್ಟು ದಿನ ಮನೆಯವರು ಬಾಗಿಲಿಗೆ ಹೋದಾಗಲೆಲ್ಲ ತಾನು ಒಳಗೆ ಕೂತು ಬರೆಯುತ್ತಿದ್ದೆ. ಬರೆಯಬೇಕಾದದ್ದು ಆಡುವ ಹೊತ್ತಿಗೆ ಸರಿಯಾಗಿ ಬರೆಯುತ್ತಿದ್ದೆ.

ಆಮೇಲೆ ಅವನಿಗೆ ಎಲ್ಲವೂ ತಿಳಿಯುತ್ತ ಬಂತು. ಆ ಊರಿನಲ್ಲಿ ಕೂತು ಏನನ್ನಾದರೂ ಕೇಳುವುದೆಂದರೆ ಕುತ್ತಿಗೆಯ ಮೇಲೆ ಕೂತಂತೆ. ಕೂತವರಿಗೆ ಮನೆಯವರು ಇಲ್ಲ ಎನ್ನುವಂತಿಲ್ಲ. ಇಲ್ಲ ಎಂದರೆ ಕೇಳಿದವರು ಅವಮಾನವಾಗಿ ಎದ್ದು ಹೋಗಬೇಕು. ಎದ್ದ ಮೇಲೆ ಕೇಳಿದರೆ ಆ ತಾಪತ್ರಯವಿಲ್ಲ, ಹೇಗೂ ಎದ್ದಾಗಿದೆ, ಹೇಗೂ ಹೊರಟಾಗಿದೆ. ಕೊಡಲು ಮನಸ್ಸಿಲ್ಲದ ಮನೆಯವರು ಆಕಾಶ ನೋಡಿ, ಬಿಸಿಲೇರಿತು, ಹುಷಾರಾಗಿ ಹೋಗಿ ಎನ್ನುತ್ತಿದ್ದರು. ಮುಗಿಯಿತು. ಕೇಳಿದವರಿಲ್ಲ, ಇಲ್ಲವೆಂದವರಿಲ್ಲ, ನಾಳೆ ಮತ್ತೆ ಕುರಿಯ ಮಾತಾಡಲು ಅಡ್ಡಿಯಿಲ್ಲ.

ಪಂಡಿತ ಒಳಗೆ ಕೂರುವುದನ್ನು ಬಿಟ್ಟ. ಹೊಸ ಲೇಖನಿ, ಹೊಸ ಓಲೆಕಟ್ಟು ತೆಗೆದುಕೊಂಡು ಮನೆಮನೆಯ ಜಗಲಿಯ ಮೇಲೆ, ಬಾಗಿಲಿಗೆ ಅಂಟಿಕೊಂಡು ಕೂತ. ಬಂದವರು ಎದ್ದು ಹೊರಗೆ ಬರುತ್ತಿದ್ದರು, ಅವನನ್ನು ನೋಡುತ್ತಿದ್ದರು, ಎರಡೂ ಮೆಟ್ಟು ಒಟ್ಟಿಗೆ ಹಾಕಿಕೊಂಡು ಬರುತ್ತೀವಿ ಎಂದು ಹೋಗುತ್ತಿದ್ದರು.

ಕಾಣುವಂತೆ ಕೂತದ್ದೇ ತಪ್ಪು ಎಂದುಕೊಂಡು ಅವನು ಅಡಗಿ ಕೂರಲು ಶುರು ಮಾಡಿದ. ಕಂಬಳಿ ಮುಸುಕು ಹಾಕಿಕೊಂಡ. ಒಂದು ದಿನ ಉಣ್ಣೆಯ ರಾಶಿಯ ಹಿಂದೆ ಕೂತ. ಮಧ್ಯಾಹ್ನ ಮನೆಯಾಕೆ ಮಜ್ಜಿಗೆಯ ಚೊಂಬನ್ನು ತಂದು ಉಣ್ಣೆ ರಾಶಿಯ ಹಿಂದೆಯೇ ಇಟ್ಟು ಹೋದಳು.

ಊರಿನಲ್ಲಿ ಕೆಲಸಗಳು ನಿಂತವು. ಹೋರಿಗಳು ತಂತಮ್ಮ ಗೂಟದಲ್ಲೇ ಉಳಿದವು. ಜನ ಪಂಡಿತನಿಗೆ ಏನೂ ಅನ್ನಲಿಲ್ಲ. ಹೋಗಿ ಎನ್ನುವುದೂ ಒಂದು ಕೇಳಿಕೆಯೇ ಅಲ್ಲವೇ?

ಇವೆಲ್ಲ ನಾಲ್ಕು ದಿನ ತಡೆದುಕೊಳ್ಳುವ ಸಂಗತಿಗಳು. ತಡೆದುಕೊಳ್ಳಲಾಗದ್ದು ಒಂದೇ ಇತ್ತು.

ಆ ಊರಿನಲ್ಲಿ ಒಬ್ಬ ಹೆಂಗಸಿನ ಮಗಳನ್ನು ಪಕ್ಕದ ಬೀದಿಗೇ ಕೊಟ್ಟಿತ್ತು. ಮದುವೆಯ ದಿನ ಗಂಡಿನ ತಾಯಿ ತಾನೇ ನೇಯ್ದ ಕಂಬಳಿಯನ್ನು ಬೀಗರಿಗೆ ಹೊದಿಸಿದಳು. ಹುಡುಗಿಯ ತಾಯಿ ಅದನ್ನು ಬೆಳಕಿಗೆ ಹಿಡಿದು, ಚೆನ್ನಾಗಿದೆ, ಗಾಳಿ ಸೋಸಿಕೊಳ್ಳಬಹುದು ಎಂದುಬಿಟ್ಟಳು. ನೇಯುವವರ ಊರಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳವಿಲ್ಲ. ಅಂದಿನಿಂದ ಬೀಗಿತ್ತಿಯರಿಬ್ಬರ ನಡುವೆ ಬನ್ನಿ, ಕೂತುಕೊಳ್ಳಿ ಬಿಟ್ಟರೆ ಬೇರೆ ಮಾತಿರಲಿಲ್ಲ.

ಈಗ ಮಗಳು ಬಸುರಿ. ಚೊಚ್ಚಲು. ಹೆದರಿದ್ದಳು, ದಿನವೂ ಅವ್ವನ ಹೆಸರು ಹೇಳಿ ಅಳುತ್ತಿದ್ದಳು ಎಂದು ಊರಿಗೆಲ್ಲ ಗೊತ್ತಿತ್ತು. ಚೊಚ್ಚಲು ಹೆರಿಗೆ ತವರಿನಲ್ಲಾಗಬೇಕಾದರೆ ತಾಯಿ ಹೋಗಿ ಮಾತೆತ್ತಬೇಕು, ಅತ್ತೆ ಕಳಿಸಿಕೊಡಬೇಕು. ಮಾತೆತ್ತಲು ಮೊದಲು ಆ ಕಂಬಳಿಯ ಮಾತನ್ನು ನುಂಗಿಕೊಳ್ಳಬೇಕು. ಬರುವ ಅಮಾವಾಸ್ಯೆ ಕಳೆದರೆ ತಿಂಗಳು ತುಂಬಿದ ಬಸುರಿ ಮನೆ ಬದಲಿಸುವಂತಿರಲಿಲ್ಲ.

ತಾಯಿ ಬೀಗಿತ್ತಿಯ ಮನೆಗೆ ಹೋದಳು. ಕೂತಳು, ಗಂಜಿಯ ಮಾತಾಡಿದಳು, ಎದ್ದಳು. ಬಾಗಿಲಲ್ಲಿ ಪಂಡಿತ ಇದ್ದ. ಬರ್ತೀನಿ ಎಂದು ಹಿಂದಿರುಗಿದಳು. ಇನ್ನೊಂದು ದಿನ ಹೋದಳು. ಪಂಡಿತ ಬೆಳಗ್ಗೆಯೇ ಬಂದು ಕೂತಿದ್ದ. ಅವನಿಗೂ ಎಲ್ಲ ಗೊತ್ತಿತ್ತಲ್ಲ. ಇಡೀ ಊರಿನಲ್ಲೇ ದೊಡ್ಡ ಹೊಸ್ತಿಲ ಮಾತು ಇದು, ಇದೊಂದು ಸಿಕ್ಕರೆ ತನ್ನ ಓಲೆಕಟ್ಟು ಪೂರ್ತಿಯಾಯಿತು ಎಂದು ಅವನು ಆ ಜಗಲಿ ಬಿಟ್ಟು ಏಳುತ್ತಲೇ ಇರಲಿಲ್ಲ. ಬೀಗಿತ್ತಿ ಬಾಗಿಲಲ್ಲಿ ನಿಂತೇ ಇದ್ದಳು. ತಾಯಿ ಒಂದು ಮೆಟ್ಟು ಹಾಕಿದಳು. ಲೇಖನಿ ಓಲೆಯ ಮೇಲೆ ಇಳಿದದ್ದನ್ನು ನೋಡಿದಳು. ಇನ್ನೊಂದು ಮೆಟ್ಟನ್ನೂ ಹಾಕಿಕೊಂಡಳು.

ಇಂದು ಹೊಸ್ತಿಲಲ್ಲಿ ಮಾತಾಗಲಿಲ್ಲ ಎಂದು ಪಂಡಿತ ಬರೆದ.

ಅಮಾವಾಸ್ಯೆಗೆ ಎರಡು ದಿನ ಇದೆ ಎನ್ನುವಾಗ ಪಂಡಿತನ ಮನೆಗೆ ಯಾರೋ ಬಂದರು. ಆ ಊರಿಗೆ ಬಂದ ಮೇಲೆ ಅವನ ಮನೆಗೆ ಬಂದ ಮೊದಲ ನೆಂಟರು. ನೋಡಿದರೆ ಹುಡುಗಿಯ ತಾಯಿ. ಅವನು ಗಡಿಬಿಡಿಯಿಂದ ಚಾಪೆ ಹಾಸಿದ, ಎಲೆಯಡಿಕೆ ಹುಡುಕಿದ. ಅವಳು ಕೂತಳು. ನಮ್ಮೂರ ನೀರು ನಿಮಗೆ ಹಿಡಿಸಿತೇ ಎಂದಳು. ನಿಮ್ಮ ಕಡೆ ಕುರಿ ಉಂಟೇ ಎಂದಳು. ನಿಮ್ಮ ಹೆಂಡತಿಯವರು ಒಬ್ಬರೇ ಇರುತ್ತಾರಲ್ಲ ಪಾಪ ಎಂದಳು. ಅವರಿಗೂ ಆರಾಮವೇ ಇರುತ್ತದೆ ಎಂದ ಪಂಡಿತ. ಅವಳು ನಕ್ಕಳು. ಆಮೇಲೆ ಎದ್ದಳು.

ಪಂಡಿತ ಅಭ್ಯಾಸಬಲದಿಂದ ಲೇಖನಿ ತೆಗೆದುಕೊಂಡ. ಕುರಿ ಉಂಟೇ ಎಂದು ಅರ್ಧ ಬರೆದಿದ್ದ. ಆಗ ಅವನಿಗೆ ಹೊಳೆಯಿತು. ಲೇಖನಿ ಬಿಟ್ಟು ಬಾಗಿಲಿಗೆ ಹಾರಿದ.

ಅವಳು ಹೊಸ್ತಿಲ ಆಚೆ ನಿಂತಿದ್ದಳು. ಒಂದು ಕಾಲು ಮೆಟ್ಟಿನಲ್ಲಿತ್ತು.

"ಅಯ್ಯಾ, ಹೊತ್ತಾರೆಯಿಂದ ಆ ಜಗಲಿ ಮೇಲೆ ಕೂತು ಕೂತು ನಿಮಗೆ ಸೊಂಟ ಹಿಡಿದಿರಬೇಕು."

ಎಷ್ಟು ದಿನದಿಂದ ಹಂಬಲಿಸಿದ್ದ ಮಾತು ಇದು, ಬಂದು ಅವನ ಹೊಸ್ತಿಲಲ್ಲೇ ನಿಂತಿತ್ತು. ಅದು ಅವನಿಗೇ ಆಡಿದ ಮಾತು. ಉತ್ತರವನ್ನೂ ಅವನೇ ಕೊಡಬೇಕು. ಹೊರಗೆ ಬಿಸಿಲು ಸುಡುತ್ತಿತ್ತು. ಬಿಸಿಲೇರಿತು, ಹುಷಾರು ತಾಯಿ ಎನ್ನುವ ಮಾತು ಮರ್ಯಾದೆಗೆಂದು ತಾನಾಗಿ ಅವನ ನಾಲಿಗೆಯ ತುದಿಗೆ ಬಂತು. ಅದನ್ನು ಅವನು ಹಾಗೇ ನುಂಗಿದ.

"ನಾಳೆ ಕೆರೆಯ ಹತ್ತಿರ ಉಣ್ಣೆ ತೊಳೆಯುವುದನ್ನು ನೋಡಬೇಕು ಅಂತಿದ್ದೇನೆ ಅವ್ವಾ. ಬರುವುದು ಸಂಜೆಯಾಗುತ್ತದೆ."

ಅವಳು ಅವನ ಮುಖ ನೋಡಿದಳು. ಇನ್ನೊಂದು ಮೆಟ್ಟು ಹಾಕಿಕೊಂಡು ಹೋದಳು.

ಮಾರನೆಯ ದಿನ ಅವನು ಕೆರೆಯ ದಂಡೆಗೆ ಹೋದ. ಅಲ್ಲಿ ಯಾರೂ ಉಣ್ಣೆ ತೊಳೆಯುತ್ತಿರಲಿಲ್ಲ. ಅದು ಉಣ್ಣೆ ತೊಳೆಯುವ ಕಾಲವೇ ಅಲ್ಲ, ಅವಳಿಗೂ ಅದು ಗೊತ್ತಿತ್ತು. ಅವನು ಒಂದು ಕಲ್ಲಿನ ಮೇಲೆ ಕೂತ. ಏರಿಯವರೆಗೆ ಓಡಿಹೋಗಿ ಊರಿನ ಕಡೆ ನೋಡಿದ, ಮತ್ತೆ ಬಂದು ಕೂತ. ಈಗ ಗಂಜಿಯ ಮಾತು ನಡೆದಿರಬೇಕು. ಈಗ ಎದ್ದಿರಬೇಕು. ಈಗ ಒಂದು ಮೆಟ್ಟು. ಬದುಕಿನಲ್ಲಿ ಅವನು ಹಾಗೆ ಚಡಪಡಿಸಿರಲಿಲ್ಲ, ಹಾಗೆ ಸಂತೋಷಪಟ್ಟಿರಲೂ ಇಲ್ಲ. ಲೇಖನಿಯನ್ನು ಅವನು ಮನೆಯಲ್ಲೇ ಬಿಟ್ಟು ಬಂದಿದ್ದ.

ಗುರುಗಳು ಇಷ್ಟಕ್ಕೆ ಕತೆ ನಿಲ್ಲಿಸಿದರು.

ಶಿಷ್ಯೆ ಕೂತಲ್ಲಿಂದ ಮುಂದೆ ಸರಿದಿದ್ದಳು. ಕಂಬಳಿಯ ಮಾತು ಬಂತೇ, ಬೀಗಿತ್ತಿ ಆಕಾಶ ನೋಡಿದಳೇ, ಪಂಡಿತ ಸಂಜೆ ಬಂದು ಯಾರನ್ನಾದರೂ ವಿಚಾರಿಸಿ ಬರೆದುಕೊಂಡನೇ ಎಂದು ಒಂದೇ ಉಸಿರಿಗೆ ಕೇಳಿದಳು. "ಅಂದು ಆ ಹೊಸ್ತಿಲಲ್ಲಿ ಏನು ಮಾತಾಯಿತು, ಗುರುಗಳೇ?"

ಗುರುಗಳು ಹೇಳಿದರು: "ಅದು ಯಾರ ಓಲೆಯಲ್ಲೂ ಇಲ್ಲ. ಆದರೆ ಆ ಹುಡುಗಿಗೆ ಹೆರಿಗೆಯಾದದ್ದು ತವರಿನಲ್ಲಿ."