ಹೆಬ್ಬೆಟ್ಟು

ಕೃಷ್ಣೆಯ ದಂಡೆಯ ಮೇಲೊಂದು ಸಣ್ಣ ಆಶ್ರಮ. ಗೋಪುರವಿಲ್ಲ, ಪಲ್ಲಕ್ಕಿಯಿಲ್ಲ. ಒಂದು ಬೇವಿನ ಮರ, ಒಂದು ಅಡುಗೆಮನೆ, ಒಂದು ಕೋಣೆಯಲ್ಲಿ ಒಂದು ಕಂಪ್ಯೂಟರು.

ಆಶ್ರಮಕ್ಕೇಕೆ ಕಂಪ್ಯೂಟರು ಎಂದು ನಗುವವರಿದ್ದರು. ಹೊಳೆ ಏರಿದ ದಿನ ಅವರು ಯಾರೂ ನಗುತ್ತಿರಲಿಲ್ಲ.

ದೂರದ ಪಟ್ಟಣದಲ್ಲಿ ಒಂದು ಯಂತ್ರವಿತ್ತು. ಸರ್ವರ್ ಎನ್ನುತ್ತಾರೆ. ಇಲ್ಲಿ ಕೂತು ಅದರೊಳಗೆ ಹೋಗಿ ಅಪ್ಪಣೆ ಕೊಟ್ಟರೆ ದಂಡೆಯ ಹನ್ನೊಂದು ಊರುಗಳ ಭೋಂಗಾಗಳು, ನೆರೆ ಬಂತೆಂದು ಎಚ್ಚರಿಸುವ ಸೈರನ್ನುಗಳು, ಒಟ್ಟಿಗೆ ಕೂಗುತ್ತಿದ್ದವು. ಕೂಗು ಕೇಳಿದ ಜನ ದನಕರು ಹೊಡೆದುಕೊಂಡು ದಿಬ್ಬ ಹತ್ತುತ್ತಿದ್ದರು.

ಒಳಗೆ ಹೋಗಲು ಎರಡು ಬೇಕು. ಒಂದು ಗುಟ್ಟಿನ ಮಾತು, ಇನ್ನೊಂದು ಕಂಪ್ಯೂಟರಿಗೆ ಚುಚ್ಚುವ ಉಗುರಿನಷ್ಟು ಸಣ್ಣ ಕೀಲಿಕೈ. ಎರಡನ್ನೂ ಮುಪ್ಪಯ್ಯನವರು ಕಾಯುತ್ತಿದ್ದರು. ಹಿಂದೆ ಟೆಲಿಫೋನ್ ಆಫೀಸಿನಲ್ಲಿದ್ದವರು, ಈಗ ಎಲ್ಲರ ಬಾಯಲ್ಲೂ ಅಜ್ಜಾರು.

ಅವರ ಶಿಷ್ಯೆ ನೀಲವ್ವ, ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದವಳು. ಅವಳ ಅಪ್ಪನನ್ನು ಹೊಳೆ ಒಯ್ದ ವರ್ಷ ಊರಲ್ಲಿ ಭೋಂಗಾ ಇರಲಿಲ್ಲ. ಇನ್ನೊಬ್ಬರ ಅಪ್ಪ ಹಾಗೆ ಹೋಗಬಾರದು ಎಂಬ ಹಟವೇ ಅವಳನ್ನು ಆಶ್ರಮಕ್ಕೆ ಎಳೆದು ತಂದಿತ್ತು.

ಎರಡು ವರ್ಷ ಕಲಿಸಿದ ಮೇಲೆ ಅಜ್ಜಾರು ಅವಳ ಕೈಗೆ ಕೀಲಿಕೈ ಕೊಟ್ಟರು. ಗುಟ್ಟಿನ ಮಾತನ್ನು ಅವಳೇ ಆರಿಸಿಕೊಂಡಳು.

ಮೂರು ತಿಂಗಳು ಕಳೆದವು. ಊಟದ ಮನೆಯ ಗೋಡೆಗೆ ಒಂದು ಕರಿಹಲಗೆ; ದಿನಕ್ಕೊಂದು ವಚನ ಅದರ ಮೇಲೆ. ಒಂದು ಮುಂಜಾನೆ ಅಲ್ಲಿ ವಚನವಿರಲಿಲ್ಲ. ಎರಡೇ ಮಾತು, ಮೊಳದುದ್ದದ ಅಕ್ಷರದಲ್ಲಿ: ಶೇಂಗಾ ಹೋಳಿಗೆ.

ನಾಷ್ಟಾಕ್ಕೆ ಕೂತವರ ಮುಖ ಅರಳಿತು.

"ಯಮನವ್ವಾ, ಹೋಳಿಗಿ ಎಲ್ಲಿ ಐತಿ?"

ಅಡುಗೆಯ ಯಮನವ್ವ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. "ಯಾವ ಹೋಳಿಗಿ? ಬರೇ ಉಪ್ಪಿಟ್ಟ ಐತಿ. ಬರದಾವ್ರನ್ನ ಕೇಳ್ರಿ!"

ಎಲ್ಲರೂ ನಕ್ಕರು. ನೀಲವ್ವ ಮಾತ್ರ ನಗಲಿಲ್ಲ. ಅದು ಅವಳ ಗುಟ್ಟಿನ ಮಾತು.

ತಾಟು ಬಿಟ್ಟು ಅಜ್ಜಾರ ಹತ್ತಿರ ಓಡಿದಳು.

"ಅಜ್ಜಾರ, ನನ್ನ ಮಾತು ಯಾರೋ ಕದ್ದಾರ್ರಿ!"

"ಕದ್ದಿಲ್ಲ. ನೀನ ಕೊಟ್ಟಿ."

"ಯಾರಿಗ್ರಿ?"

"ನನಗ."

ಅಜ್ಜಾರು ಪಕ್ಕದ ಕೋಣೆಯ ಬಾಗಿಲು ತೆರೆದರು. ಒಳಗೆ ಎಂದೋ ಮೂಲೆ ಸೇರಿದ್ದ ಹಳೆಯ ಕಂಪ್ಯೂಟರೊಂದು ಗುರುಗುಡುತ್ತಿತ್ತು. ಪಟ್ಟಣಕ್ಕೆ ಹೋಗುವ ದಾರಿಯನ್ನು ಹಿಂದಿನ ದಿನ ಅವರು ಅದರ ಕಡೆಗೆ ತಿರುಗಿಸಿಟ್ಟಿದ್ದರು. ಪಟ್ಟಣದ ಯಂತ್ರದ ವೇಷವನ್ನೂ ಅದಕ್ಕೆ ಹಾಕಿದ್ದರು. ಪಟ್ಟಣದ್ದೆಂದು ತಿಳಿದು ನೀಲವ್ವ ಗುಟ್ಟಿನ ಮಾತು ಕೊಟ್ಟದ್ದು ಇದಕ್ಕೆ.

"ನಿನ್ನಿ ಕಂಪ್ಯೂಟರಿನ ತೆರಿ ಮ್ಯಾಲ ಕೆಂಪಗ ಏನರ ಬಂದಿತ್ತೇನು?"

"ಬಂದಿತ್ರಿ."

"ಏನಂತ?"

ನೀಲವ್ವ ನೆಲ ನೋಡಿದಳು. "ಓದಲಿಲ್ರಿ. ಮುಂದುವರಿಯಬೇಕೇ ಅಂತ ಕೇಳಿತು, ಹೌದು ಒತ್ತಿದೆ. ಅದು ದಿನಾ ಏನರ ಒಂದು ಕೇಳತಿರತೈತ್ರಿ."

"ಬಾಗಲ ನಿನ್ನ 'ನೀ ಯಾರು' ಅಂತ ಕೇಳಿತು, ಹೇಳಿದಿ. 'ನೀ ಯಾರ ಮನಿ ಬಾಗಲ' ಅಂತ ಅದನ್ನ ನೀ ಕೇಳಿದೇನು?"

"ಬಾಗಲಾನ್ನ ಏನಂತ ಕೇಳೂದ್ರಿ?"

"ಅದಕ್ಕೂ ಒಂದು ಹೆಬ್ಬೆಟ್ಟಿನ ಗುರುತು ಐತಿ."

ಹೌದು, ಇತ್ತು. ನೀಲವ್ವ ಅದನ್ನು ಡಿಪ್ಲೊಮಾದಲ್ಲಿ ಓದಿಯೇ ಇದ್ದಳು. ಒಂದೊಂದು ಯಂತ್ರಕ್ಕೂ ಅದರದೇ ಗುರುತು, ಅಕ್ಷರ ಅಂಕಿಗಳ ಒಂದು ಉದ್ದನೆಯ ಸಾಲು. ಆ ಗುರುತು ಬದಲಾಗಿದೆ ಎಂದೇ ಕೆಂಪಕ್ಷರ ಕೂಗಿ ಹೇಳಿತ್ತು.

"ಓದದೇ ಒತ್ತಾವ್ರಿಗೆ ಏನಂತಾರ?" ಅಜ್ಜಾರು ಕೇಳಿದರು.

ನೀಲವ್ವನ ಮುಖ ಕೆಂಪೇರಿತು. "ನಾ ಹೆಬ್ಬೆಟ್ಟಲ್ರಿ ಅಜ್ಜಾರ! ಹೆಬ್ಬೆಟ್ಟು ಅಂದ್ರ ಯಮನವ್ವ."

ಆಡಿದ ಮಾತು ಅವಳಿಗೇ ಕಹಿಯಾಯಿತು. ಅಜ್ಜಾರು ಸಿಟ್ಟಾಗಲಿಲ್ಲ. ಒಂದು ಕಾಗದ ಕೊಟ್ಟರು.

"ಇದಕ್ಕ ಆಕಿ ಹೆಬ್ಬೆಟ್ಟು ಒತ್ತಿಸ್ಕೊಂಡು ಬಾ."

ಯಮನವ್ವ ಹಿಟ್ಟಿನ ಕೈ ಒರೆಸಿಕೊಂಡು ಕೂತಳು. "ಓದು."

ನೀಲವ್ವ ಓದಿದಳು. ಅಡುಗೆಮನೆಗೆ ಎರಡು ಹೊಸ ಹಂಡೆ ಬೇಕೆಂಬ ಅರ್ಜಿ.

"ಇನ್ನೊಮ್ಮಿ ಓದು."

ಓದಿದಳು.

"ಯಾರ್ ಕೊಟ್ರು?"

"ಅಜ್ಜಾರು."

"ಇರು, ಬಂದೆ."

ಯಮನವ್ವ ಕಾಗದ ಹಿಡಿದು ಬೇವಿನ ಮರದ ಕೆಳಗೆ ಹೋದಳು. "ನೀವ ಕಳಿಸಿದ್ರೇನ್ರಿ ಅಜ್ಜಾರ? ಹಂಗಾರ ನೀವೂ ಒಮ್ಮಿ ಓದ್ರಿ." ಅಜ್ಜಾರು ವಿಧೇಯ ಹುಡುಗನಂತೆ ಓದಿದರು. ಆಮೇಲೆಯೇ ಅವಳ ಹೆಬ್ಬೆರಳು ಶಾಯಿ ಮುಟ್ಟಿದ್ದು.

"ನನ್ನ ಮ್ಯಾಲ ನಂಬಿಗಿ ಇಲ್ಲೇನಬೇ?" ನೀಲವ್ವ ಕೇಳಿದಳು.

"ನಿನ್ನ ಮ್ಯಾಲ ಐತಿ ತಂಗಿ. ಕಾಗದದ ಮ್ಯಾಲ ಇಲ್ಲ. ನನಗ ಓದಾಕ ಬರೂದಿಲ್ಲ ಅಂತ ನನಗ ಗೊತ್ತೈತಿ. ಅದಕ್ಕ ಕೇಳತೀನಿ."

ನೀಲವ್ವ ಕಾಗದವನ್ನು ಅಜ್ಜಾರ ಮುಂದಿಟ್ಟಳು. ಅದರ ಮೇಲೆ ಕೀಲಿಕೈಯನ್ನೂ ಇಟ್ಟಳು, ಅವರು ಕೇಳುವ ಮೊದಲೇ. ಮಾಡಿದ್ದುಣ್ಣೋ ಮಾರಾಯ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ಆದರೆ ಉಂಡು ಸುಮ್ಮನೆ ಕೂರುವ ಪೈಕಿ ಅವಳಲ್ಲ.

"ಮತ್ತ ಯಾವಾಗ ಕೊಡತೀರಿ?"

ಅಜ್ಜಾರು ಕೀಲಿಕೈ ಎತ್ತಿ ಜೇಬಿಗೆ ಹಾಕಿಕೊಂಡರು.

ಮರುದಿನದಿಂದ ನೀಲವ್ವ ಒಂದು ವ್ರತ ಹಿಡಿದಳು. ಪಟ್ಟಣದಲ್ಲಿ ಆ ಯಂತ್ರ ನೋಡಿಕೊಳ್ಳುವವರು ದಸ್ತಗೀರ. ದಿನಾ ಮುಂಜಾನೆ ಅವರಿಗೆ ಫೋನ್ ಮಾಡಿ, ಯಂತ್ರದ ಗುರುತನ್ನು ಓದಿಸಿ, ವಹಿಯಲ್ಲಿ ಬರೆದುಕೊಂಡಳು. ಗುರುತು ದಿನಾ ಅದೇ. ಬರೆಯುವವಳೂ ದಿನಾ ಅವಳೇ. ಕಡೆಗೆ ಮಗ್ಗಿ ಒಪ್ಪಿಸಿದಂತೆ ಒಪ್ಪಿಸತೊಡಗಿದಳು.

"ಹುಡುಗಿಗೆ ಹುಚ್ಚು ಹಿಡದೈತಿ," ಎಂದರು ನೋಡಿದವರು.

ಆರು ತಿಂಗಳಾದ ಮೇಲೆ ಶ್ರಾವಣ ಬಂತು. ಮೇಲೆ ಘಟ್ಟದಲ್ಲಿ ಮಳೆ ಬಿಡಲಿಲ್ಲ. ಅಣೆಕಟ್ಟೆಯ ಬಾಗಿಲು ತೆಗೆದರೆಂಬ ಸುದ್ದಿ ಒಂದು ಮಧ್ಯಾಹ್ನ ಆಶ್ರಮಕ್ಕೆ ಮುಟ್ಟಿತು. ಅಜ್ಜಾರಿಗೆ ಕಣ್ಣಿನ ಆಪರೇಷನ್ ಆಗಿತ್ತು, ಕಣ್ಣಿಗೆ ಪಟ್ಟಿ ಕಟ್ಟಿತ್ತು.

"ನೀಲಾ, ಕೂಡು," ಎಂದರು.

ತಡವರಿಸಿ ಅವಳ ಕೈಯಲ್ಲಿ ಕೀಲಿಕೈ ಇಟ್ಟರು. ಹೊಸ ಗುಟ್ಟಿನ ಮಾತನ್ನು ಮಂತ್ರ ಕೊಡುವಂತೆ ಕಿವಿಯಲ್ಲಿ ಹೇಳಿದರು.

ನೀಲವ್ವ ಕಂಪ್ಯೂಟರಿನ ಮುಂದೆ ಕೂತಳು. ಪಟ್ಟಣದ ಬಾಗಿಲು ತಟ್ಟಿದಳು. ತೆರೆಯ ಮೇಲೆ ಕೆಂಪಕ್ಷರ ಬಂತು.

ಈ ಸಲ ಓದಿದಳು, ಗಟ್ಟಿಯಾಗಿ ಓದಿದಳು. ವಹಿ ತೆರೆದು ಪಕ್ಕದಲ್ಲಿಟ್ಟಳು. ಮೊದಲ ಅಕ್ಷರವೇ ತಾಳೆಯಾಗಲಿಲ್ಲ.

"ಗುರುತು ಬ್ಯಾರೆ ಐತ್ರಿ ಅಜ್ಜಾರ."

ಹೊರಗೆ ಯಾರೋ ಕೂಗಿದರು: "ಹೊಳಿ ಹನುಮಪ್ಪನ ಗುಡಿ ಕಟ್ಟಿ ಮುಟ್ಟೈತಿ!"

ಬಾಗಿಲಲ್ಲಿ ಜನ ಸೇರಿದರು. "ಒತ್ತಬೇ, ಏನ್ ನೋಡಾಕತ್ತಿ?"

"ಒತ್ತು ನೀಲಾ." ಅಜ್ಜಾರ ದನಿ ನಡುಗಿತು. "ನಾ ಹೇಳಾಕತ್ತೀನಿ, ಒತ್ತು."

ನೀಲವ್ವನಿಗೆ ಅಪ್ಪನ ನೆನಪಾಯಿತು. ಕೈ ತಾನಾಗಿ ಮುಂದೆ ಹೋಯಿತು. ಈ ಬಾಗಿಲು ಸುಳ್ಳಾಗಿದ್ದರೆ? ಗುಟ್ಟಿನ ಮಾತು ಕಳ್ಳನ ಪಾಲು. ಭೋಂಗಾ ಕೂಗಿತೆಂದು ಇವಳು ತಿಳಿದು ಕೂತಿರುತ್ತಾಳೆ, ಹನ್ನೊಂದು ಊರು ಏನೂ ಕೇಳದೆ ಮನೆಯಲ್ಲೇ ಇರುತ್ತವೆ. ಅವಳಿಗೆ ಬಹಳ ಹೆದರಿಕೆಯಾಯಿತು. ಕೈ ಹಿಂದಕ್ಕೆ ತೆಗೆದಳು.

"ಒತ್ತಂಗಿಲ್ರಿ ಅಜ್ಜಾರ."

ಆ ಆಶ್ರಮದಲ್ಲಿ ಅಜ್ಜಾರ ಮಾತಿಗೆ ಇಲ್ಲ ಅಂದವರು ಅದುವರೆಗೆ ಯಾರೂ ಇರಲಿಲ್ಲ.

ವಹಿಯಲ್ಲಿದ್ದ ನಂಬರಿಗೆ ಫೋನ್ ಹಚ್ಚಿದಳು. ಎತ್ತಲಿಲ್ಲ. ಮತ್ತೆ ಹಚ್ಚಿದಳು. ಎತ್ತಲಿಲ್ಲ. ಹಿಂದಿನಿಂದ ಯಾರೋ ಬೈದರು. ಮೂರನೆಯ ಸಲ ದಿನಾ ಕೇಳುವ ಕೆಮ್ಮು ಕೇಳಿತು.

"ದಸ್ತಗೀರಣ್ಣ, ಯಂತ್ರದ ಹೆಬ್ಬೆಟ್ಟು ಓದ್ರಿ."

"ಅಯ್ಯ ತಂಗಿ, ಮುಂಜಾನೆ ಸಿಡ್ಲ ಬಡದು ಹಳೇದು ಸುಟ್ಟು ಹೋತು. ಹೊಸಾದು ಕೂಡ್ಸೀನಿ, ನಿನಗ ಹೇಳೂದ ಮರತೆ. ಅಲ್ಲೇನ್ ಕಾಣತೈತಿ ಓದು, ಹೌದೋ ಅಲ್ಲೋ ಹೇಳತೀನಿ."

"ನಾ ಓದಂಗಿಲ್ಲ. ನಾ ಓದಿದ್ರ ನೀವು ಬರೇ ಹೌದು ಅಂದೀರಿ. ನೀವ ಓದ್ರಿ."

ದಸ್ತಗೀರ ಒಂದೊಂದೇ ಅಕ್ಷರ ಓದಿದರು. ನೀಲವ್ವ ತೆರೆಯ ಮೇಲೆ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟಳು. ಕೊನೆಯ ಅಂಕಿಯವರೆಗೂ ಕೂಡಿಬಂತು.

"ಇನ್ನೊಮ್ಮಿ ಓದ್ರಿ," ಎಂದಳು.

ಬಾಗಿಲಲ್ಲಿ ನಿಂತವರು ಹಣೆ ಬಡಿದುಕೊಂಡರು. ಗುಂಪಿನ ಹಿಂದೆ ಸೌಟು ಹಿಡಿದು ನಿಂತ ಯಮನವ್ವ ಒಬ್ಬಳೇ ಸರಿ ಎಂದು ತಲೆಯಾಡಿಸಿದಳು.

ಎರಡನೆಯ ಸಲವೂ ಕೂಡಿಬಂತು. ಆಗ ಹೌದು ಒತ್ತಿದಳು. ಮಾತು ಕೊಟ್ಟಳು, ಕೀಲಿಕೈ ಚುಚ್ಚಿದಳು, ಅಪ್ಪಣೆ ಕೊಟ್ಟಳು.

ಮೊದಲು ಹತ್ತಿರದ ಭೋಂಗಾ, ಆಮೇಲೆ ಆಚೆ ದಂಡೆಯದು, ಆಮೇಲೆ ದೂರದ್ದು. ನೀಲವ್ವ ಬೆರಳು ಮಡಿಸಿ ಎಣಿಸಿದಳು. ಕೇಳದವುಗಳ ಊರಿಗೆ ಫೋನ್ ಮಾಡಿ ಕೇಳಿದಳು. ಹನ್ನೊಂದೂ ಕೂಗುತ್ತಿವೆ ಎಂದು ಗೊತ್ತಾದ ಮೇಲೆ ಗೋಡೆಗೆ ಒರಗಿ ಅತ್ತಳು.

ಎಲ್ಲಕ್ಕಿಂತ ತಗ್ಗಿನ ಊರಿಗೆ ಸಂಜೆ ಮುಂದೆ ನೀರು ನುಗ್ಗಿತು. ಮನೆಗಳು ಬಿದ್ದವು. ಜನವೆಲ್ಲ ಆಗಲೇ ದಿಬ್ಬದ ಮೇಲಿದ್ದರು.

ಮರುದಿನ ಮುಂಜಾನೆ ನೀಲವ್ವ ಕೀಲಿಕೈ ಒಪ್ಪಿಸಲು ಅಜ್ಜಾರ ಹತ್ತಿರ ಹೋದಳು.

"ಅಜ್ಜಾರ, ನಿನ್ನಿ ಒತ್ತು ಅಂದ್ರೆಲ್ಲಾ, ಅದು ಪರೀಕ್ಷಾ ಏನ್ರಿ?"

"ಅಲ್ಲ," ಎಂದರು ಅಜ್ಜಾರು. "ಅಂಜಿದ್ದೆ."

ಅವಳು ಚಾಚಿದ ಕೈಯನ್ನು ಅವರು ತಡಕಿ ಹಿಡಿದರು. ಕೀಲಿಕೈಯ ಮೇಲೆ ಅವಳ ಬೆರಳುಗಳನ್ನು ಒಂದೊಂದಾಗಿ ಮಡಿಸಿದರು, ಹೆಬ್ಬೆರಳನ್ನು ಕೊನೆಗೆ.

ಅಡುಗೆಮನೆಯಿಂದ ಯಮನವ್ವ ಕೂಗಿ ಕೇಳಿದಳು: "ಅಜ್ಜಾರ, ಇವತ್ತ ಊಟಕ್ಕ ಏನ್ ಮಾಡ್ಲಿ?"

"ಶೇಂಗಾ ಹೋಳಿಗಿ ಮಾಡವಾ. ಆ ಮಾತಿಗೆ ಈಗ ಯಾವ ಬಾಗಲಾನೂ ತೆರಿಯಂಗಿಲ್ಲ."