ಚಂದ್ರಿ ಒಲ್ಲದ ದಿಣ್ಣೆ

ಮಸಿಬಂಡೆ ಗುಡ್ಡದ ನೆತ್ತಿಯಲ್ಲಿ, ಹಳೆಯ ಕಲ್ಲುಗಣಿಯ ಪಕ್ಕಕ್ಕೆ, ಒಂದು ಬೋಳು ದಿಣ್ಣೆಯಿದೆ. ಅಲ್ಲಿಂದ ಎರಡು ತುಕ್ಕು ಹಿಡಿದ ಹಳಿಗಳು ಕುರುಚಲು ಗಿಡಗಳೊಳಗೆ ನುಸುಳಿ ಕೆಳಗಿನ ಊರಿನತ್ತ ಇಳಿದುಹೋಗುತ್ತವೆ. ದಿಣ್ಣೆಗೆ ಚಂದ್ರಿ ಒಲ್ಲದ ದಿಣ್ಣೆ ಎಂದು ಹೆಸರು. ಚಂದ್ರಿ ಯಾವಳೋ ಮದುವೆ ಒಲ್ಲದ ಹುಡುಗಿಯೆಂದು ಬಂದವರು ತಾವೇ ಕಥೆ ಕಟ್ಟಿಕೊಳ್ಳುತ್ತಾರೆ. ಕಟ್ಟಿಕೊಳ್ಳಲಿ ಬಿಡಿ, ಚಂದ್ರಿ ಒಂದು ಕುದುರೆ.

ಹಿಂದೆ, ಉಗಿಬಂಡಿ ಈ ಸೀಮೆಗೆ ಕಾಲಿಡದಿದ್ದ ಕಾಲದಲ್ಲಿ, ಗಣಿಯ ಕಲ್ಲು ಈ ಹಳಿಗಳ ಮೇಲೆ ಸಾಗುತ್ತಿತ್ತು ಎನ್ನುತ್ತಾರೆ. ಇಳಿಜಾರಿನಲ್ಲಿ ಕಲ್ಲಿನ ಬಂಡಿಗಳು ತಮ್ಮ ಭಾರಕ್ಕೆ ತಾವೇ ಉರುಳುತ್ತಿದ್ದವು; ಕುದುರೆ ಕೊನೆಯ ಬಂಡಿಯಲ್ಲಿ ನಿಂತು, ಹುರುಳಿ ಮೆಲ್ಲುತ್ತ, ದೊರೆಸಾನಿಯ ಹಾಗೆ ಇಳಿಯುತ್ತಿತ್ತು. ಖಾಲಿ ಬಂಡಿಗಳನ್ನು ಮೇಲಕ್ಕೆ ಎಳೆದು ತರುವುದಷ್ಟೇ ಅದರ ದುಡಿಮೆ. ಇಳಿಯುವಾಗ ಬಂಡಿಗಳನ್ನು ಹಿಡಿತದಲ್ಲಿಡುವವನು ಯಮನಪ್ಪ. ಚಕ್ರಕ್ಕೆ ಒತ್ತುವ ಜಾಲಿಮರದ ತುಂಡೇ ಅವನ ಬ್ರೇಕು. ಒಂದು ವರ್ಷ ಅದನ್ನು ಹೊಸದಾಗಿ ಕೆತ್ತಿಸಿ ಹಾಕಿದ್ದ. ಆಯುಧಪೂಜೆಯ ದಿನ ಸುತ್ತಿಗೆ, ಹಾರೆ, ಸರಪಳಿಗಳಿಗೆಲ್ಲ ಹರಳೆಣ್ಣೆ ಸವರಿ ಕುಂಕುಮವಿಟ್ಟ. ತನ್ನ ಜೀವ ಕಾಯುವ ತುಂಡಿಗೆ ಕಡಿಮೆ ಮಾಡುವುದುಂಟೇ? ಹೊಸ ಮರ, ಬಿರುಕು ಬಿಟ್ಟೀತೆಂದು ಅದಕ್ಕೆ ಬೊಗಸೆಗಟ್ಟಲೆ ಎಣ್ಣೆ ಕುಡಿಸಿದ.

ಮರುದಿನ ಬೆಳಿಗ್ಗೆ ಅವನ ಚೊಚ್ಚಲ ಬಸುರಿ ಮಗಳು ನೀಲವ್ವನಿಗೆ ನೋವು ಶುರುವಾಯಿತು. ಕೂಸು ಅಡ್ಡವಾಗಿದೆ, ಕೆಳಗಿನ ಆಸ್ಪತ್ರೆಗೆ ಒಯ್ಯದಿದ್ದರೆ ತಾಯಿಯೂ ಉಳಿಯಲಿಕ್ಕಿಲ್ಲ ಎಂದಳು ಸೂಲಗಿತ್ತಿ. ಕಾಲುದಾರಿ ಬಲು ಸುತ್ತು. ಕಲ್ಲು ತುಂಬಿ ಸಿದ್ಧವಾಗಿ ನಿಂತಿದ್ದ ಬಂಡಿಯೊಂದರ ಮೇಲೆ ಕೌದಿ ಹಾಸಿ ಯಮನಪ್ಪ ಮಗಳನ್ನು ಮಲಗಿಸಿದ. ಚಂದ್ರಿ ಮಾತ್ರ ತನ್ನ ಬಂಡಿ ಹತ್ತಲೊಲ್ಲದು! ಮುಂಗಾಲು ಇಡುವುದು, ಬೆಚ್ಚಿ ಹಿಂದೆ ಸರಿಯುವುದು.

"ಯಾಕ ನನ್ನವ್ವಾ, ಇವತ್ತ ಹಿಂಗ್ಯಾಕ ಮಾಡ್ತಿ? ನಿನ್ನ ಕಾಲ ಬೀಳ್ತೀನಿ, ಹತ್ತ" ಎಂದು ಬೇಡಿದ. ಎಂದೂ ಹೊಡೆಯದವನು ಚಾಟಿಯನ್ನೂ ಬೀಸಿದ.

"ಕುದರಿ ಹಾಳಾಗಿ ಹೋಗ್ಲಿ, ನೀ ಬಂಡಿ ಬಿಡೋ!" ಎಂದು ಗಣಿಯ ಮೇಸ್ತ್ರಿ ಕೂಗಿದ.

ಕುದುರೆಯಿಲ್ಲದೆ ಬಂಡಿಗಳು ಮತ್ತೆ ಮೇಲೆ ಬರಲಾರವು, ಇದೊಂದು ಸಲ ನೋಡೋಣವೆಂದು ಯಮನಪ್ಪ ಚಂದ್ರಿಯ ಕಾಲನ್ನು ತಾನೇ ಎತ್ತಿ ಹಲಗೆಯ ಮೇಲಿಟ್ಟ. ಆ ಭಾರ ಬಿದ್ದದ್ದೇ ಬಿಗಿಯಾಗಿ ಒತ್ತಿದ್ದ ಬ್ರೇಕಿನಡಿ ಚಕ್ರ ನುಣ್ಣಗೆ ಜಾರಿ, ಮುಂದಿಟ್ಟ ಅಡ್ಡಗಲ್ಲಿಗೆ ತಾಗಿ ನಿಂತಿತು; ಚಂದ್ರಿ ಮತ್ತೆ ಬೆಚ್ಚಿ ಹಿಂದೆ ಸರಿಯಿತು. ಮರದ ತುಂಡನ್ನು ಮುಟ್ಟಿ ನೋಡಿದ. ಬೆರಳಿಗೆ ಎಣ್ಣೆ ಹತ್ತಿತು, ಎಣ್ಣೆಯ ಜೊತೆಗೆ ತಾನೇ ಇಟ್ಟ ಕುಂಕುಮ. "ಅಯ್ಯಯ್ಯೋ, ನನ್ನ ಕೈಯಾರೆ!" ಎಂದವನೇ ಓಡಿಹೋಗಿ ಮಗಳನ್ನು ಎತ್ತಿ ಇಳಿಸುವಷ್ಟರಲ್ಲಿ ಅಡ್ಡಗಲ್ಲು ಪುಡಿಯಾಯಿತು. ಬಂಡಿಗಳು ಗಡಗಡನೆ ಹೊರಟು, ತಿರುವಿನಲ್ಲಿ ಹಳಿ ಬಿಟ್ಟು ಕೊರಕಲಿಗೆ ಹಾರಿದವು.

ಆಮೇಲೆ ಯಮನಪ್ಪ ಗಣಿಯ ಬಳಿ ಉಳಿದಿದ್ದ ಒಂದೇ ಒಂದು ಖಾಲಿ ಬಂಡಿಯಲ್ಲಿ ಮಗಳನ್ನು ಮಲಗಿಸಿ, ಅದರ ಹಿಂದಕ್ಕೆ ಚಂದ್ರಿಯನ್ನು ಕಟ್ಟಿದ. ಮುಂದಕ್ಕೆ ಎಳೆದೇ ಗೊತ್ತಿದ್ದ ಕುದುರೆ ಅಂದು ಗೊರಸೂರಿ ಹಿಂದಕ್ಕೆ ಜಗ್ಗುತ್ತ, ಹೆಜ್ಜೆಹೆಜ್ಜೆಗೂ ಬಂಡಿಯನ್ನು ತಡೆದು ಇಳಿಸಿತು. ಪಕ್ಕದಲ್ಲೇ ನಡೆದ ಯಮನಪ್ಪ ದಾರಿಯುದ್ದಕ್ಕೂ ಅದರ ಬೆನ್ನಿನ ಮೇಲೆ ಎದ್ದ ಬಾಸುಂಡೆಯನ್ನು ಸವರುತ್ತ ಅಳುತ್ತಿದ್ದನಂತೆ. ತಾಯಿ ಉಳಿದಳು, ಕೂಸೂ ಉಳಿಯಿತು.

ಕೊರಕಲಿಗೆ ಇಣುಕಿದರೆ ಒಡೆದ ಚಪ್ಪಡಿಗಳು ಈಗಲೂ ಕಾಣುತ್ತವೆ. ಅಲ್ಲಿಂದ ಆರಿಸಿ ತಂದ ಬ್ರೇಕಿನ ತುಂಡು ದಿಣ್ಣೆಯ ಮೇಲೆ ಸಣ್ಣ ಕಟ್ಟೆಯಲ್ಲಿದೆ. ಆಯುಧಪೂಜೆಗೆ ಊರವರು ಅಲ್ಲಿ ಹಿಡಿ ಹುರುಳಿ ಇಟ್ಟು ಕೈಮುಗಿಯುತ್ತಾರೆ. ಗೊತ್ತಿಲ್ಲದೆ ಎಣ್ಣೆ ತಂದವರಿಗೆ ನೀಲವ್ವನ ಮನೆತನದ ಹೆಣ್ಣುಮಕ್ಕಳಿಂದ ಬೈಗುಳ ತಪ್ಪಿದ್ದಲ್ಲ. ಯಮನಪ್ಪ ಹೆದರಿದ್ದಂತೆಯೇ ಆ ತುಂಡು ಒಣಗಿ ಮೈತುಂಬ ಬಿರುಕು ಬಿಟ್ಟಿದೆ. ಬಿಡಲಿ ಎಂದು ಊರೇ ಬಿಟ್ಟಿದೆ.