ಮಿಕಿ ಹಿಮ ಕೊಡವಿದ್ದು

ಕೂತ್ಕೊಳ್ರೋ, ಚಳಿ ಚಳಿ ಅಂತ ಗೊಣಗ್ಬೇಡಿ. ಇದೂ ಒಂದು ಚಳಿಯಾ? ಭೂಮಿಯ ತುತ್ತತುದೀಲಿ ಒಂದು ಸೀಮೆ ಇದೆ. ಮರ ಇಲ್ಲ, ಮಣ್ಣಿಲ್ಲ, ಎಲ್ಲಿ ನೋಡಿದ್ರೂ ಹಿಮ. ಜನ ಹಿಮಾನೇ ಕೊಯ್ದು, ಇಟ್ಟಿಗೆ ಹಂಗೆ ಪೇರಿಸಿ ಮನೆ ಕಟ್ಕೋತಾರೆ. ಅಂಥದೊಂದು ಒಂಟಿ ಮನೇಲಿ ಒಬ್ಬಳು ಅವ್ವ, ಅವಳಿಗೊಬ್ಬ ಮಗ ಮಿಕಿ. ಆಳು ಬೆಳೆದಿದ್ದ, ಬುದ್ಧಿ ಬೆಳೆದಿರಲಿಲ್ಲ.

ಅಲ್ಲಿ ಚಳಿಗಾಲಕ್ಕೆ ಸೂರ್ಯ ಮುಳುಗಿದ್ರೆ ತಿಂಗಳುಗಟ್ಟಲೆ ಏಳಲ್ಲ. ಆ ದಿನ ಹತ್ರ ಬಂದಿತ್ತು. ಅವ್ವನಿಗೆ ನಿಂತಲ್ಲಿ ನಿಲ್ಲೋಕಾಗ್ತಿಲ್ಲ, ಕೂತಲ್ಲಿ ಕೂರೋಕಾಗ್ತಿಲ್ಲ.

"ಲೋ ಮಿಕೀ, ಮೀನು ಹಿಡ್ಕೊಂಡು ಬಾರೋ!"

ಹಿಡಿದು ತಂದ. ತಂದು ದೀಪದ ಪಕ್ಕ ಬೆಚ್ಚಗೆ ಮಲಗಿಸಿದ. ಬೆಳಗಾಗೋದ್ರೊಳಗೆ ಮನೆಯೆಲ್ಲ ಗಬ್ಬು!

"ಅಯ್ಯೋ ಪೆದ್ದೇ! ಆಚೆ ಹಿಮದಲ್ಲಿ ಹೂತಿಡಬೇಕಿತ್ತಲ್ಲೋ!" ಅಂತ ಸಿಟ್ಟಲ್ಲಿ ಮೀನು ಬೀಸಿ ಎಸೆದಳು. ಅದು ಹೋಗಿ ದೀಪಕ್ಕೇ ಬಡೀತು. ಮನೇಲಿದ್ದ ಒಂದೇ ಬೆಂಕಿ ಆರಿಹೋಯ್ತು.

"ಬೆಂಕಿ ಇಲ್ದೆ ಸೂರ್ಯ ಮುಳುಗಿದ್ರೆ ಇಬ್ರೂ ಸೆಟೆದು ಸಾಯ್ತೀವಿ! ಗುಡ್ಡದಾಚೆ ನಿಮ್ಮತ್ತೆ ಮನೆಯಿಂದ ತಾ, ಓಡು!"

ಓಡಿದ. ಅತ್ತೆ ಮುಚ್ಚಳದ ಕುಡಿಕೇಲಿ ಬೆಂಕಿ ಕೊಟ್ಟಳು. ಬಾಗಿಲ ತನಕ ಜೋಪಾನವಾಗಿ ತಂದ. ಅಷ್ಟರಲ್ಲಿ ಅವ್ವನ ಮಾತು ನೆನಪಾಯ್ತು ನೋಡಿ! ಹಿಮ ತೋಡಿದ, ಬೆಂಕಿ ಸುರಿದು ಹೂತಿಟ್ಟ. ಚೊಂಯ್!

"ನನ್ ಜೀವ ತಿನ್ನೋಕೇ ಹುಟ್ಟಿದೀಯ! ಕುಡಿಕೇನ ಅಂಗಿಯೊಳಗೆ ಎದೆಗೆ ಅವುಚ್ಕೊಂಡು ಒಳಗೆ ತರಬೇಕಿತ್ತು!"

"ಆಯ್ತವ್ವಾ, ಇನ್ಮೇಲೆ ಹಂಗೇ ಮಾಡ್ತೀನಿ."

"ನೀನು ಬೆಂಕಿ ತರೋದೇ ಬೇಡ, ನಾನೇ ಹೋಗ್ತೀನಿ. ಗಾಳಿ ನುಗ್ತಿದೆ, ಕಿಟಕಿ ತೂತಿಗೊಂದು ಮಂಜುಗಡ್ಡೆ ತಾ."

ತಂದ. ಹೆಂಗೆ? ಅಂಗಿಯೊಳಗೆ, ಎದೆಗೆ ಅವುಚ್ಕೊಂಡು! ಗಡ್ಡೆ ಅರ್ಧ ಕರಗಿ ಮೈಯೆಲ್ಲ ಒದ್ದೆ. ಹೆಗಲ ಮೇಲೆ ರಾಶಿ ಹಿಮ. ಹಂಗೇ ಹೋಗಿ ಹಾಸಿಗೆ ಮೇಲೆ ಕೂತ.

ಅವ್ವ ಹಣೆ ಚಚ್ಕೊಂಡಳು. "ಏಳೋ ಮೇಲೆ! ಒಳಗೆ ಬರೋ ಮುಂಚೆ ಕೋಲು ತಗೊಂಡು ಹಿಮಾನೆಲ್ಲ ಬಡಿದು ಉದುರಿಸ್ಬೇಕು! ಒಂದು ಚೂರೂ ಉಳೀಬಾರದು! ಹೋಗು ಆಚೆ!"

ಬೈಕೊಂಡೇ ಗುಡ್ಡ ಹತ್ತಿದಳು ಪಾಪ.

ಮಿಕಿ ಕೋಲು ತಗೊಂಡ. ಅಂಗಿ ಬಡಿದ. ಬೂಟು ಬಡಿದ. ತಲೆ ಎತ್ತಿ ಮನೆ ನೋಡಿದ. "ಅಯ್ಯಯ್ಯೋ, ಇಷ್ಟೊಂದು ಹಿಮ!" ಬಡಿದ, ಬಡಿದ, ಕೈ ಸೋಲೋವರೆಗೂ ಬಡಿದ.

ಅವ್ವ ಕುಡಿಕೇನ ಎದೆಗೆ ಅವುಚ್ಕೊಂಡು ಏದುಸಿರು ಬಿಡ್ತಾ ಬಂದಳು. ಸೂರ್ಯ ಉಗುರಷ್ಟು ಉಳಿದಿದ್ದ. ಬೆಂಕಿ ಇದೆ, ಮನೆ ಎಲ್ಲಿ? ಬಟ್ಟಬಯಲಲ್ಲಿ ಹಾಸಿಗೆ, ಹಾಸಿಗೆ ಮೇಲೆ ಮಿಕಿ, ಕಟಕಟ ಹಲ್ಲು ಕಡೀತಾ ಕೂತಿದ್ದ.

"ಒಂದು ಚೂರೂ ಉಳಿಸಿಲ್ಲ ಅವ್ವಾ! ಬೇಗ ಒಳಗೆ ಬಾ, ಆಚೆ ಭಾರೀ ಚಳಿ. ಹಂಗೇ ಬಾಗಿಲು ಹಾಕ್ಕೊಂಡು ಬಾ!"